ಡ್ಯೂಕರ ಮನೆತನದ ಆಂಟಿ

ಹೋದ ವಾರ ಗ್ಯಾರೇಜು ಗುಡಿಸುವಾಗ ಹಳೆಯ ಪ್ರಿಂಟರ್ ಕಾಗದದ ಕಟ್ಟೊಂದು ಸಿಕ್ಕಿತು. ಎರಡೂ ಅಂಚಿಗೆ ತೂತುಗಳಿದ್ದ, ಮಡಿಕೆ ಮಡಿಕೆಯಾಗಿ ಬರುತ್ತಿದ್ದ ಕಾಗದ. ಬಿಚ್ಚಿದಾಗ ಬಂದ ಮುಗ್ಗಲು ವಾಸನೆಗೆ, ಅಮೆರಿಕದ ರಾಲಿ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು...

ತೊಂಬತ್ತರ ದಶಕದಲ್ಲಿ ನಾವು ಅಲ್ಲಿ ಬಾಡಿಗೆಗಿದ್ದೆವು. ಅವರು ಅಮೆರಿಕನ್ನರು, ಎಂಬತ್ತರ ಹತ್ತಿರದವರು, ಗಂಡನಿಲ್ಲ, ಮಕ್ಕಳಿಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬಾರದೆ ಆಂಟಿ ಅಂದೆ. "ನಾನು ನಿನಗೆ ಯಾವ ಕಡೆಯಿಂದ ಆಂಟಿ?" ಎಂದು ಗಂಭೀರವಾಗಿಯೇ ಕೇಳಿದ್ದರು. ಸಂಬಂಧದ ವಿಷಯದಲ್ಲಿ ಅವರಿಗೆ ತಮಾಷೆ ಆಗಿಬರುತ್ತಿರಲಿಲ್ಲ.

ಕಾರಣವಿತ್ತು. ಅವರ ಮುತ್ತಜ್ಜಿ ಜರ್ಮನಿಯ ಡ್ಯೂಕರ ಮನೆತನದವಳು. ರಾಜ್ಯ ಸಣ್ಣದು, ಜಂಬ ದೊಡ್ಡದು. ಒಬ್ಬ ಡ್ಯೂಕ್ ಅಣ್ಣನನ್ನೇ ಕೋಟೆಯಲ್ಲಿ ಕೂಡಿಹಾಕಿ ಪಟ್ಟವೇರಿದ್ದ, ಇನ್ನೊಬ್ಬ ಗಡಿಯಾರ ಬಿಚ್ಚಿ ಜೋಡಿಸುತ್ತ ರಾಜ್ಯವನ್ನೇ ಮರೆತಿದ್ದ. ಆಂಟಿ ಇದನ್ನೆಲ್ಲ ಎದುರು ಮನೆಯ ಸುದ್ದಿಯಂತೆ ಹೇಳುತ್ತಿದ್ದರು.

ಆಗ ಜರ್ಮನಿಯ ವಂಶಸ್ಥರು ಮನೆತನದ ಚರಿತ್ರೆಯನ್ನು ಅಚ್ಚು ಹಾಕಿಸಲು ಹೊರಟರು. ಹೊರದೇಶದವರು ತಮ್ಮ ಕವಲಿನ ವಿವರ ಕಳಿಸಬೇಕೆಂದು ಕಾಗದ ಬಂತು. ಆ ಪುಸ್ತಕದಲ್ಲಿ ತಮ್ಮ ಹೆಸರು ನೋಡಿ ಸಾಯಬೇಕು, ಆಂಟಿಗೆ ಅದೊಂದೇ ಆಸೆ. ಕಣ್ಣು ಮಂಜಾಗಿತ್ತು. ಡ್ಯೂಕರ ಕಾಲದಿಂದ ತಮ್ಮವರೆಗಿನ ಇಡೀ ವಂಶದ ವಿವರವಿದ್ದ ನೋಟ್‌ಬುಕ್ಕನ್ನು ನನಗೆ ಕೊಟ್ಟು, "ನೀನು ಕಂಪ್ಯೂಟರಿನವಳು, ಟೈಪ್ ಮಾಡಿಕೊಡು" ಎಂದರು.

ನನ್ನ ತವರಿನ ವಂಶವೃಕ್ಷದಲ್ಲಿ ಗಂಡುಮಕ್ಕಳಿಗೆ ಮಾತ್ರ ಕವಲು. ಹೆಣ್ಣುಮಕ್ಕಳ ಮುಂದೆ ಇಂಥ ಊರಿಗೆ ಕೊಟ್ಟಿದೆ ಎಂದು ಬರೆದರೆ ಮುಗಿಯಿತು. ಎಲ್ಲ ಕಡೆಯೂ ಹೀಗೇ ಎಂದುಕೊಂಡಿದ್ದ ನಾನು ಹೆಣ್ಣುಮಕ್ಕಳ ಸಂತತಿಯನ್ನೆಲ್ಲ ಬೇರೆ ಮನೆಯವರೆಂದು ಕಣ್ಣಾಡಿಸದೆಯೇ ಬಿಟ್ಟೆ. ಡ್ಯೂಕನ ಮಗಳೊಬ್ಬಳ ಮುಂದೆ 'ಮದುವೆಯಾಗಿ ಅಮೆರಿಕಕ್ಕೆ ಹೋದಳು' ಎಂದು ಹಾಕಿ ನಿಲ್ಲಿಸಿದೆ. ಅವಳೇ ಆಂಟಿಯ ಮುತ್ತಜ್ಜಿ ಎಂಬುದು, ನೂರಾರು ಹೆಸರುಗಳ ನಡುವೆ, ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ಆ ತೂತಿನ ಕಾಗದದಲ್ಲೇ ಪ್ರಿಂಟ್ ತೆಗೆದು ಕೊಟ್ಟೆ. ಆಂಟಿ ಓದದೆಯೇ ಸಂಭ್ರಮದಿಂದ ಪೋಸ್ಟ್ ಮಾಡಿದರು.

ಒಂದೂವರೆ ವರ್ಷದ ಮೇಲೆ ಪುಸ್ತಕ ಬಂತು. ಭೂತಗನ್ನಡಿ ಹಿಡಿದು ಹುಡುಕಿದರು, ಹೆಸರಿರಲಿಲ್ಲ. ನನಗೆ ತೋರಿಸಿದರು. ಅಮೆರಿಕಕ್ಕೆ ಹೋದವಳ ಮುಂದೆ ನಾನು ಹಾಕಿದ ಸಾಲು ಹಾಗೆಯೇ ಅಚ್ಚಾಗಿತ್ತು; ಅವಳು ಯಾರೆಂದು ಆಗ ಹೊಳೆಯಿತು. ಮನೆಗೆ ಬಂದು ಗಂಡನಿಗೆ ಹೇಳಿದೆ.

"ಅಲ್ಲ ಕಣೇ, ಆಂಟಿ ಬ್ರಾಂಚನ್ನೇ ಡ್ರಾಪ್ ಮಾಡಿಬಿಟ್ಟಿದ್ದೀಯಲ್ಲ!" ಎಂದವರು, ಸ್ವಲ್ಪ ಹೊತ್ತಿಗೆ, "ಈಗ ಹೋಗಿ ಹೇಳ್ಬೇಡ, ಸುಮ್ನೆ ಹರ್ಟ್ ಆಗ್ತಾರೆ" ಎಂದರು.

ಆ ಮಾತು ನನಗೂ ಅನುಕೂಲವಾಗಿತ್ತು. ಮರುದಿನ, ಜರ್ಮನಿಯವರೇ ನಿಮ್ಮ ಹೆಸರು ತೆಗೆದುಹಾಕಿರಬೇಕು ಎಂದುಬಿಟ್ಟೆ. ಆಂಟಿ ನಂಬಿದರು. ಗೋಡೆಯ ಮೇಲಿದ್ದ ಡ್ಯೂಕನ ಚಿತ್ರ ಇಳಿಸಿದರು. ಜರ್ಮನಿಗೆ ಕ್ರಿಸ್‌ಮಸ್ ಕಾರ್ಡು ಕಳಿಸುವುದನ್ನು ನಿಲ್ಲಿಸಿದರು. "ಅವರಿಗೆ ನಾನು ಬೇಡವಾದೆ. ನೀನಾದರೂ ನನಗಾಗಿ ಅಷ್ಟು ಕಷ್ಟಪಟ್ಟೆ" ಎಂದು ನನ್ನ ಕೈ ಹಿಡಿದುಕೊಂಡರು. ಆಗಲಾದರೂ ಹೇಳಬಹುದಿತ್ತು... ಹೇಳಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ವರ್ಷಕ್ಕೆ ಅವರು ತೀರಿಕೊಂಡರು. ನಾವು ಹತ್ತಿರದ ಏಪೆಕ್ಸ್ ಊರಿಗೆ ಬಂದು ಮನೆ ಮಾಡಿದೆವು. ಮೊನ್ನೆ ಕುಳಿತು ಆ ಮನೆತನದವರಿಗೆ ಈಮೇಲ್ ಬರೆದೆ. ತಪ್ಪು ನನ್ನದು ಎಂದೆ, ಆಂಟಿಯ ಹೆಸರು, ಅವರ ತಾಯಿಯ ಹೆಸರು ಕೊಟ್ಟೆ. ಇಂದು ಬೆಳಿಗ್ಗೆ ಉತ್ತರ ಬಂದಿದೆ. ಮುಂದಿನ ಮುದ್ರಣದಲ್ಲಿ ಖಂಡಿತ ಸೇರಿಸುತ್ತಾರಂತೆ. ಆ ಕವಲಿನವರು ಯಾರಿದ್ದಾರೆ, ಪುಸ್ತಕ ಯಾರಿಗೆ ಕಳಿಸಬೇಕು ಎಂದು ಕೇಳಿದ್ದಾರೆ.

ಯಾರೂ ಇಲ್ಲ ಎಂದು ಬರೆದೆ.