ಎದುರುಮನೆಗೆ ಹೋದ ಜೇನಿನ ಭರಣಿ

ಹುಣಸೂರಿನ ನಮ್ಮ ಬೀದಿಯಲ್ಲಿ ನಾನು ಅಣಕಿಸದೆ ಬಿಟ್ಟ ಮನುಷ್ಯರಿಲ್ಲ. ಪ್ರಸಂಗ ಮಾಡುವಾಗ ಅರ್ಧ ಮಾತನ್ನು ಮೀಸೆಯೊಳಗೇ ಉಳಿಸಿಕೊಳ್ಳುವ ನಮ್ಮ ಕ್ರೈಸ್ತ ದೇವಾಲಯದ ಅಯ್ಯನವರು, ಕೂರಲು ಜಾಗವಿಲ್ಲದಿದ್ದರೂ ‘ಬನ್ನಿ ಬನ್ನಿ, ಖಾಲಿ ಖಾಲಿ’ ಎಂದು ಕೂಗುವ ಬಸ್ಸಿನ ಏಜೆಂಟು, ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸನ್ನು ಮಡಿಕೇರಿಯ ತನಕ ಓಡಿಸಿ ಮನೆಗೆ ಬಂದಾಗ ಹಲ್ಲು ಮಾತ್ರ ಬೆಳ್ಳಗೆ ಕಾಣುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನನ್ನೂ ನಾನೇ ಅಣಕಿಸಿಕೊಳ್ಳುತ್ತಿದ್ದೆ. ಬೇರೆಯವರು ಶುರುಮಾಡುವ ಮೊದಲೇ ನಾವೇ ಮುಗಿಸಿಬಿಡುವುದು ಕ್ಷೇಮ.

ಆದರೆ ನನ್ನ ಅತ್ಯುತ್ತಮ ಪಾತ್ರವೆಂದರೆ ಎದುರುಮನೆ ಅಜ್ಜಿ. ಬ್ರಾಹ್ಮಣರ ಮನೆ, ಮಡಿಯ ಹೆಂಗಸು, ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಮೊಲದ ಕಿವಿ. ಒಮ್ಮೆ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ಅಜ್ಜಿ ‘ಶಿವ ಶಿವಾ’ ಎನ್ನುವುದನ್ನು ನಮ್ಮಪ್ಪನಿಗೆ ಮಾಡಿ ತೋರಿಸುತ್ತಿದ್ದೆ. ಬೀದಿಯಾಚೆಯಿಂದ ಉತ್ತರ ಬಂತು: “ಲೋ ಹುಡುಗಾ, ಶಿವ ಅನ್ನುವಾಗ ನಾನು ಮೂಗು ಎಳೆಯೋದಿಲ್ಲ ಕಣೋ. ಮಾಡೋದಾದ್ರೆ ಸರಿಯಾಗಿ ಮಾಡು!”

ಅಪ್ಪ ಅಂದು ಎಷ್ಟು ನಕ್ಕರೆಂದರೆ ಮುಖದ ಇದ್ದಿಲೆಲ್ಲ ಕಣ್ಣೀರಿಗೆ ತೊಳೆದುಹೋಯಿತು.

ಈಗ ಹಬ್ಬದ ಮಾತು. ಕ್ರಿಸ್ಮಸ್ಸಿಗೆ ವಾರವಿರುವಾಗಲೇ ನಮ್ಮ ಮನೆಯ ಒಲೆಗೆ ಬಿಡುವು ತಪ್ಪುತ್ತಿತ್ತು. ನಮ್ಮವ್ವ ಪಿರಿಯಾಪಟ್ಟಣದ ಕಡೆಯವಳು. ಅವಳು ಮಾಡಿದ ಕಜ್ಜಾಯವನ್ನು ಹಲ್ಲಿಲ್ಲದವರು ನಾಲಿಗೆಯಲ್ಲೇ ಕರಗಿಸಿ ತಿನ್ನಬಹುದಿತ್ತು, ಚಕ್ಕುಲಿಯನ್ನು ಮುರಿದರೆ ಮೂರನೆಯ ಮನೆಗೆ ಕೇಳಿಸುತ್ತಿತ್ತು. ಕೃಷ್ಣರಾಜನಗರದ ಕಡೆಯ ಬೆಲ್ಲ, ಒಣಶುಂಠಿ, ನಿಂಬೆಹಣ್ಣು ಹಾಕಿ ಕುದಿಸಿದ ಪಾನಕವನ್ನು ಹಳೆಯ ಔಷಧಿ ಸೀಸೆಗಳಿಗೆ ತುಂಬಿ ಬಿರಡೆ ಜಡಿಯುತ್ತಿದ್ದಳು. ಒಂದು ವರ್ಷ ಬಿರಡೆ ತಾನಾಗಿ ಹಾರಿ ಅಯ್ಯನವರ ಹಣೆಗೆ ಬಡಿದದ್ದೂ ಉಂಟು. ಬೀಡಿ ಅಂಗಡಿ ಸಾಬರ ಮನೆಗೆ, ಮೂಲೆಮನೆ ಗೌಡರಿಗೆ, ಅಪ್ಪನ ಬಸ್ಸಿನ ಕ್ಲೀನರಿಗೆ, ಎಲ್ಲರಿಗೂ ಒಂದು ತಟ್ಟೆ, ಒಂದು ಸೀಸೆ. ತಟ್ಟೆ ಹೊರುವವನು ನಾನು. ದಾರಿಯಲ್ಲಿ ಎರಡು ಕಜ್ಜಾಯ ಕಡಿಮೆಯಾಗುತ್ತಿದ್ದವು ಎಂಬುದು ಸುಳ್ಳು. ಮೂರು.

ಎದುರುಮನೆಗೆ ಮಾತ್ರ ಈ ಯಾವುದೂ ಹೋಗುವಂತಿರಲಿಲ್ಲ. ಅವ್ವ ಮದುವೆಯಾಗಿ ಈ ಬೀದಿಗೆ ಬಂದ ಮೊದಲ ಹಬ್ಬಕ್ಕೇ ಅಜ್ಜಿ ನೇರವಾಗಿ ಹೇಳಿಬಿಟ್ಟಿದ್ದರಂತೆ: “ನೋಡೇ, ನಿಮ್ಮನೆಯಿಂದ ಬರೋದಕ್ಕೆ ನೀರು ಮುಟ್ಟಿರಬಾರದು, ಬೆಂಕಿ ಮುಟ್ಟಿರಬಾರದು, ಉಪ್ಪು ಬಿದ್ದಿರಬಾರದು. ಬೇಜಾರು ಮಾಡ್ಕೋಬೇಡ.” ಈ ಮೂರನ್ನೂ ಬಿಟ್ಟರೆ ಸಂತೆಯ ತೆಂಗಿನಕಾಯಿ, ಬಾಳೆಹಣ್ಣು ಅಷ್ಟೇ ಗತಿ. ಹತ್ತೊಂಬತ್ತು ವರ್ಷ ಅವೇ ಹೋದವು. ಅವರ ಜಗಲಿಯ ಮೇಲೆ ಇಟ್ಟು ಹಿಂದೆ ಸರಿಯಬೇಕು, ಅಜ್ಜಿ ಅವುಗಳ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಒಯ್ಯಬೇಕು. ಅಜ್ಜಿ ನೀರು ಚಿಮುಕಿಸುವ ಬೆರಳಿನ ಗತ್ತನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಅದಕ್ಕೆ ಮಾತ್ರ ಅವ್ವ ಯಾವತ್ತೂ ನಗಲಿಲ್ಲ.

ಹಾಗೆಂದು ಅಜ್ಜಿ ಕೆಟ್ಟವರಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ, ಗೋಕುಲಾಷ್ಟಮಿಗೆ ಉಂಡೆ, ಒಂದು ವರ್ಷವೂ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದವು. ನಾನು ಹುಟ್ಟಿದಾಗ ಬಾಣಂತಿಗೆ ಮೆಂತ್ಯದ ಲೇಹ್ಯ ಕಾಸಿ ಕಳಿಸಿದವರೂ ಅವರೇ.

“ಅವ್ರ ಕೈ ರುಚಿ ನನ್ ಮೈಯಾಗೇ ಐತೆ,” ಎನ್ನುತ್ತಿದ್ದಳು ಅವ್ವ. “ನನ್ ಕೈ ರುಚಿ ಅವ್ರಿಗೆ ಒಂಚೂರೂ ಗೊತ್ತಿಲ್ವಲ್ಲ. ಸಂತೇಲಿ ಸಿಕ್ಕೋ ಕಾಯಿ ಯಾರಾದ್ರೂ ಕೊಟ್ಟಾರು. ನಾನು ಕೊಟ್ಟಂಗಾಯ್ತದಾ?”

ಬೀದಿಗೆಲ್ಲ ಕೈರುಚಿಯ ರಾಣಿಯಾದವಳಿಗೆ ಹತ್ತು ಮಾರು ದೂರದ ಒಂದು ಹೊಸ್ತಿಲು ದಾಟಲಾಗಲಿಲ್ಲವಲ್ಲ ಎಂಬ ಕೊರಗು. ಅದು ಅವಳ ಹಟವೂ ಆಗಿತ್ತು.

ಮೂರು ವರ್ಷದ ಹಿಂದಿನ ಮಾತು. ಯುದ್ಧದಿಂದಾಗಿ ಸಕ್ಕರೆಗೆ ರೇಷನ್ನು ಬಂದಿತ್ತು. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯಿಂದ ಜೇನು ತರುವವನೊಬ್ಬ ಹುಣಸೂರಿನ ಸಂತೆಗೆ ಬಂದಿದ್ದ. ಅವ್ವ ಬೆರಳದ್ದಿ ನೋಡಿ ಕೇಳಿದಳು, “ನೀರ್ ಗೀರ್ ಬೆರ್ಸಿಲ್ಲ ತಾನೆ?”

“ನೀರ್ ಮಾರೋದಾಗಿದ್ರೆ ಕಬಿನಿ ಒಳೆ ಮನೆ ಮುಂದ್ಕೇ ಇತ್ತು ಕಣವ್ವ,” ಎಂದ ಅವನು. “ಅಷ್ಟೆತ್ತರದ ಮರ ಯಾಕತ್ತಬೇಕಿತ್ತು ನಾನು?”

ನಾನು ಆ ಮಾತನ್ನು ಆಗಲೇ ಬಾಯಿಪಾಠ ಮಾಡಿಕೊಂಡೆ. ಅವ್ವ ಮಾತ್ರ ಬೆರಳನ್ನು ಬಾಯಲ್ಲಿಟ್ಟುಕೊಂಡು ಹಾಗೇ ನಿಂತುಬಿಟ್ಟಳು.

“ನೀರಿಲ್ಲ,” ಎಂದಳು. “ಬೆಂಕಿಯಿಲ್ಲ. ಉಪ್ಪಿಲ್ಲ.”

“ಏನವ್ವ?”

“ಎದುರುಮನೆ ಅಮ್ಮಾರು ದೇವ್ರಿಗೆ ಜೇನಿನ ಅಭಿಷೇಕ ಮಾಡ್ತಾರಲ್ಲೋ? ಜೇನ್ ಇಂಡಿದ ಕೈ ಯಾರ್ದು ಅಂತ ಯಾವತ್ತಾದ್ರೂ ಕೇಳವ್ರಾ? ನಡೀಲಾ, ನೆಲ್ಲೀಕಾಯಿ ತಕ್ಕೊಳಾನ.”

ಅಂದಿನಿಂದ ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದು ಅಡುಗೆಯಲ್ಲ, ಒಂದು ವ್ರತ. ನೆಲ್ಲಿಕಾಯಿಯನ್ನು ತೊಳೆಯುವಂತಿಲ್ಲ, ನೀರು ಮುಟ್ಟೀತು. ಒಗೆದು ಒಣಗಿಸಿದ ಬಟ್ಟೆಯಲ್ಲಿ ಒಂದೊಂದನ್ನೂ ಮಿರಮಿರ ಒರೆಸಿದೆವು. ಸೂಜಿಯಿಂದ ಚುಚ್ಚುವಂತಿಲ್ಲ, ಕಬ್ಬಿಣ ತಗುಲಿದರೆ ಕಾಯಿ ಕಪ್ಪಾಗುತ್ತದೆ. ಜಾಲಿಮುಳ್ಳಿನಲ್ಲಿ ಚುಚ್ಚಿದೆವು. ಭರಣಿಗೆ ತುಂಬಿ, ಮುಳುಗುವಷ್ಟು ಜೇನು ಸುರಿದು, ಬಾಯಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿದೆವು. ಇನ್ನು ಬೇಯಿಸುವ ಕೆಲಸ ಸೂರ್ಯನದು. ಹುಣಸೂರಿನ ಡಿಸೆಂಬರ್ ಸೂರ್ಯನೋ, ಮಂಜು ಕರಗಿದ ಮೇಲೆ ಬರುವ ಅಮಲ್ದಾರ. ಬೆಳಿಗ್ಗೆ ಜಗಲಿಯಲ್ಲಿ, ಮಧ್ಯಾಹ್ನ ಹಿತ್ತಲಲ್ಲಿ, ಸಂಜೆಗೆ ದನದ ಕೊಟ್ಟಿಗೆಯ ಮಾಡಿನ ಮೇಲೆ, ಬಿಸಿಲು ಹೋದಲ್ಲೆಲ್ಲ ಭರಣಿಯನ್ನು ಹೊತ್ತು ನಾನೂ ಹೋದೆ. ಇರುವೆಗೆ ಅಡ್ಡವಾಗಿ ನೀರಿನ ತಟ್ಟೆಯಲ್ಲಿ ಇಡೋಣ ಎಂದದ್ದಕ್ಕೆ ಬೈಸಿಕೊಂಡೆ. ಸುತ್ತ ಅರಿಸಿನದ ಗೆರೆ ಎಳೆದೆವು.

“ಪುಸ್ತಕದ ಮುಂದೆ ಇಷ್ಟೊತ್ತು ಕೂತಿದ್ರೆ ಪಾಸಾಗ್ತಿದ್ದೆ ಕಣ್ಲಾ,” ಎಂದರು ಅಪ್ಪ.

“ನೆಲ್ಲೀಕಾಯಾದ್ರೂ ಪಾಸಾಗ್ಲಿ ಬುಡಪ್ಪ,” ಎಂದೆ ನಾನು.

ಕ್ರಿಸ್ಮಸ್ಸಿಗೆ ಎರಡು ದಿನವಿತ್ತು. ಅವ್ವ ಬಟ್ಟೆ ಬಿಚ್ಚಿ, ಒಣಗಿದ ಮರದ ಸೌಟಿನಿಂದ ಒಂದು ಕಾಯಿಯನ್ನು ತೆಗೆದು ಬಾಯಿಗಿಟ್ಟಳು. ಕಾಯಿ ಕೆಂಪು ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಅವಳ ಮುಖದಲ್ಲಿ ಮೊದಲು ಹಿಗ್ಗು ಬಂತು, ಆಮೇಲೆ ಹೋಯಿತು.

“ಉಪ್ಪು,” ಎಂದಳು.

ನಾನೂ ಒಂದು ತಿಂದೆ. ಸಿಹಿಯ ಹಿಂದೆ, ಒಗರಿನ ಹಿಂದೆ, ಎಲ್ಲೋ ಒಂದು ಚೂರು ಉಪ್ಪಿತ್ತು. ಅದಿದ್ದದ್ದರಿಂದಲೇ ರುಚಿ ಅಷ್ಟು ಸೊಗಸಾಗಿತ್ತು ಎಂಬುದು ಬೇರೆ ಮಾತು.

ಅದು ಹೇಗೆ ಬಿತ್ತೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಭರಣಿ ತುಂಬಿದ ದಿನ ನಾನು ಸೊಂಟ ಬಗ್ಗಿಸಿ, ಕೋಲೂರಿ, ಅಜ್ಜಿಯ ಮೂರು ಕಟ್ಟಳೆಗಳನ್ನು ಅಜ್ಜಿಯ ದನಿಯಲ್ಲೇ ಒಪ್ಪಿಸಿದ್ದೆ. “ಉಪ್ಪು ಬಿದ್ದಿರಬಾರದೂ” ಎಂದು ರಾಗ ಎಳೆಯುವಾಗ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಚುಚ್ಚಿದ ನೆಲ್ಲಿಕಾಯಿಗೆ ಚಿಟಿಕೆ ಉಪ್ಪು ಹಾಕುವುದು ಅವಳ ಕೈಯ ಹಳೆಯ ಅಭ್ಯಾಸ. ಕಣ್ಣು ನಗುತ್ತಿತ್ತು, ಕೈ ತನ್ನ ಪಾಡಿಗೆ ತಾನು ಉಪ್ಪಿನ ಮರಿಗೆಗೆ ಹೋಗಿಬಂದಿತ್ತು.

ಹೊಸದಾಗಿ ಮಾಡಲು ಮೂರು ವಾರದ ಬಿಸಿಲು ಬೇಕು. ಜೇನೂ ಮುಗಿದಿತ್ತು.

“ಒಂದ್ ಚಿಟಿಕೆ ತಾನೇ ಅವ್ವ,” ಎಂದೆ. “ಅಷ್ಟು ಜೇನ್ನಾಗೆ ಯಾರ್ಗೆ ಗೊತ್ತಾಯ್ತದೆ?”

“ಅವ್ರ ನಾಲ್ಗೆಗೆ ಗೊತ್ತಾಗ್ದೆ ಇರ್ಬೌದು. ನನ್ ಕೈಗೆ ಗೊತ್ತಲ್ಲ.”

“ಬುಡಮ್ಮಿ, ಈ ಸಲಾನೂ ಕಾಯಿ ಬಾಳೆಹಣ್ಣೇ ಕೊಡಾನ,” ಎಂದರು ಅಪ್ಪ.

ಅವ್ವ ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದಳು.

ಹಬ್ಬದ ಬೆಳಿಗ್ಗೆ ದೇವಾಲಯದಿಂದ ಬಂದವಳೇ, ಉಟ್ಟ ಹೊಸ ಸೀರೆಯಲ್ಲೇ ಭರಣಿ ಎತ್ತಿಕೊಂಡು ಬೀದಿ ದಾಟಿದಳು. ಹೊರುವ ಕೆಲಸವನ್ನು ನನಗೆ ಕೊಡಲಿಲ್ಲ. ನಾನು ಹಿಂದೆ ಹಿಂದೆ ಹೋದೆ. ಅಜ್ಜಿ ಬಾಗಿಲಲ್ಲೇ ಕೂತಿದ್ದರು, ಪಕ್ಕದಲ್ಲಿ ನೀರಿನ ಚೊಂಬು. ಅವ್ವ ಭರಣಿಯನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿದು ನಿಂತಳು.

“ಅಮ್ಮಾರೇ, ಕಾಡು ಜೇನ್ನಾಗೆ ನೆಲ್ಲೀಕಾಯಿ. ನನ್ ಕೈಯಾರೆ ಮಾಡಿದ್ದು. ನೀರು ಮುಟ್ಟಿಲ್ಲ, ಬೆಂಕಿ ಮುಟ್ಟಿಲ್ಲ, ಬಿಸ್ಲಲ್ಲೇ ಬೆಂದಿರೋದು.” ಇಲ್ಲಿಗೆ ನಿಲ್ಲಿಸಿದ್ದರೆ ಗೆದ್ದುಬಿಡುತ್ತಿದ್ದಳು. ನಿಲ್ಲಿಸಲಿಲ್ಲ. “ಆದ್ರೆ ಕೈ ತಪ್ಪಿ ಒಂದ್ ಚಿಟಿಕೆ ಉಪ್ಪು ಬಿದ್ದೋಗೈತೆ. ತಕ್ಕಳಿ ಅನ್ನಾಕೆ ನಂಗೆ ಬಾಯಿಲ್ಲ. ಯೇಳ್ದೆ ಕೊಡಾಕೂ ಮನಸ್ಸಿಲ್ಲ.”

ಅಜ್ಜಿ ಭರಣಿಯನ್ನು ನೋಡಿದರು, ಅವ್ವನನ್ನು ನೋಡಿದರು. ಒಳಗೆ ಸೊಸೆ ಮೊಸರು ಕಡೆಯುತ್ತಿದ್ದದ್ದು ನಿಂತಿತು.

“ಏನಂದೆ?” ಎಂದರು ಅಜ್ಜಿ. “ಈಚೀಚೆಗೆ ಈ ಕಿವಿಗೆ ಏನೂ ಕೇಳಿಸೋದೇ ಇಲ್ಲ ಕಣೇ.”

ಮುಚ್ಚಿದ ಬಾಗಿಲ ಹಿಂದಿನ ಪಿಸುಮಾತಿಗೆ ತಿದ್ದುಪಡಿ ಹೇಳಿದ ಕಿವಿ ಅದು! ನಮ್ಮವ್ವನೋ, ಪ್ರಾಮಾಣಿಕತೆಯ ಮುಂದೆ ಜಾಣತನ ಕೆಲಸ ಮಾಡದ ಹೆಂಗಸು. ಇಡೀ ಬೀದಿಗೆ ಕೇಳುವಂತೆ ಕೂಗಿದಳು, “ಉಪ್ಪು ಅಮ್ಮಾರೇ! ಉಪ್ಪು ಬಿದ್ದೈತೆ!”

“ಹಾಗೆ ಕೂಗಬೇಡವೇ,” ಎಂದು ರೇಗಿದರು ಅಜ್ಜಿ. “ಕೇಳಿಸೋದಿಲ್ಲ ಅಂದೆನಲ್ಲ!”

ಎದ್ದು ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡು ಒಳಗೆ ಹೋದರು. ನೀರಿನ ಚೊಂಬು ಬಾಗಿಲಲ್ಲೇ ಉಳಿಯಿತು.

ಬೀದಿ ದಾಟಿ ವಾಪಸು ಬರುವಾಗ ಅವ್ವ ನಡೆದ ನಡಿಗೆ ಇದೆಯಲ್ಲ, ಮೈಸೂರಿನ ದಸರಾ ಆನೆಯೂ ಪಕ್ಕಕ್ಕೆ ನಿಂತು ದಾರಿ ಬಿಡಬೇಕಿತ್ತು. ಅದನ್ನು ಮಾಡಿ ತೋರಿಸಲು ಎಷ್ಟೋ ಸಲ ಯತ್ನಿಸಿದ್ದೇನೆ. ನನಗೆ ಬಂದಿಲ್ಲ. ಎದುರುಮನೆಯವರು ತಿಂದರೋ, ತುಳಸಿಕಟ್ಟೆಯ ಬುಡಕ್ಕೆ ಸುರಿದರೋ, ಅದು ಮಾತ್ರ ತಿಳಿಯಲಿಲ್ಲ. ಅವ್ವ ಕೇಳುವವಳಲ್ಲ. ಆದರೆ ಬೀದಿಯಾಚೆ ಬಾಗಿಲ ಸದ್ದಾದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು.

ಸಂಕ್ರಾಂತಿಯ ದಿನ ಅಜ್ಜಿಯ ಸೊಸೆ ಎಳ್ಳುಬೆಲ್ಲ ತಂದರು. ಜೊತೆಗೆ ನಮ್ಮ ಭರಣಿ. ನೆರೆಮನೆಯ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಅದರ ತುಂಬ ಅವರ ಹಿತ್ತಲ ಮರದ ಹಸಿ ನೆಲ್ಲಿಕಾಯಿ ಇದ್ದವು. ಭರಣಿಯನ್ನು ಅವ್ವನ ಕೈಗೇ ಕೊಟ್ಟು, ಸೆರಗಿನ ಗಂಟಿನಿಂದ ಬಾಳೆಲೆಯ ಪುಟ್ಟ ಪೊಟ್ಟಣವೊಂದನ್ನು ತೆಗೆದು, ನಮ್ಮ ಜಗಲಿಯ ಮೇಲಿಟ್ಟು ಹಿಂದೆ ಸರಿದು ನಿಂತರು.

“ಕೈಗೆ ಕೊಡೋ ಹಾಗಿಲ್ಲವಲ್ಲ, ಉಪ್ಪು ಅದು. ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತಂತೆ,” ಎಂದರು ಆಕೆ. “ಹೋದ ಸಲ ಹಾಕಿದಷ್ಟೇ ಹಾಕಬೇಕಂತೆ. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಅತ್ತೆ ಹೇಳಿ ಕಳಿಸಿದ್ದಾರೆ.”

ಅವ್ವ ಪೊಟ್ಟಣವನ್ನು ಎತ್ತಿಕೊಂಡು ಒಳಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಜೇನಿನವನು ಮತ್ತೆ ಸಂತೆಗೆ ಬಂದ ದಿನವೇ ಕಾಯಿ ಒರೆಸಿ, ಮುಳ್ಳಿನಲ್ಲಿ ಚುಚ್ಚಿ, ಭರಣಿಯ ಮುಂದೆ ಕೂತೆವು. ಪೊಟ್ಟಣ ಬಿಚ್ಚಿದ ಅವ್ವನ ಕೈ ಗಾಳಿಯಲ್ಲೇ ನಿಂತಿತು. ಹೋದ ಸಲ ಹಾಕಿದ್ದು ಎಷ್ಟು ಎಂದು ಅವಳಿಗೇನು ಗೊತ್ತು? ಹಾಕಿದ್ದೇ ಗೊತ್ತಿರಲಿಲ್ಲವಲ್ಲ!

ನನ್ನ ಕಡೆ ತಿರುಗಿದಳು.

“ಲೇ, ಅವತ್ತು ಮಾಡ್ದಲ್ಲ ಅಮ್ಮಾರ ಥರ, ಅಂಗೇ ಮಾಡ್ಲಾ. ನಾನು ನಗ್ಬೇಕು.”

ಎರಡು ಸಲ ಡುಮ್ಕಿ ಹೊಡೆದವನಿಗೆ ಅಣಕಿಸು ಎಂದು ಜೀವನದಲ್ಲಿ ಮೊದಲ ಸಲ ಹಿರಿಯರಿಂದ ಬಂದ ಅಪ್ಪಣೆ ಅದು. ಎದ್ದು ಪಂಚೆ ಸರಿಮಾಡಿಕೊಂಡೆ, ಕೋಲೂರಿದೆ, ಸೊಂಟ ಬಗ್ಗಿಸಿದೆ. ಬಾಗಿಲನ್ನು ಬೇಕೆಂದೇ ಹಾಕಲಿಲ್ಲ. “ಶಿವ ಶಿವಾ! ನೀರು ಮುಟ್ಟಿರಬಾರದು, ಬೆಂಕಿ ಮುಟ್ಟಿರಬಾರದು, ಉಪ್ಪು...”

“ಮೂಗು ಎಳೆಯಬೇಡವೋ!” ಎಂದು ಕೇಳಿಸಿತು ಬೀದಿಯಾಚೆಯಿಂದ.

ಅವ್ವ ಬಿದ್ದು ಬಿದ್ದು ನಕ್ಕಳು. ಅವಳ ಕೈ ತನ್ನ ಪಾಡಿಗೆ ತಾನು ಬಾಳೆಲೆಯ ಕಡೆಗೆ ಹೋಯಿತು.