ಮಧುಮತಿಯ ಕಾನೂನು

ಜರಗನಹಳ್ಳಿಯ ತಿಮ್ಮರಾಯಪ್ಪನವರ ಹತ್ತು ಮನೆಯ ವಠಾರದಿಂದ ದೊಡ್ಡವರೆಲ್ಲ ಬೆಳಿಗ್ಗೆ ಏಳೂವರೆಗೆ ಗಾರ್ಮೆಂಟ್ಸಿಗೋ ಸೆಕ್ಯೂರಿಟಿ ಕೆಲಸಕ್ಕೋ ಹೊರಟುಬಿಟ್ಟರೆ ಮತ್ತೆ ಮುಖ ಕಾಣುತ್ತಿದ್ದುದು ಸಂಜೆ ಏಳಕ್ಕೆ. ೧೯೯೮ರ ಬೇಸಿಗೆ ರಜೆ. ಅಷ್ಟು ಹೊತ್ತೂ ವಠಾರಕ್ಕೆ ಹಿರಿಯಳೆಂದರೆ ಬಾಗಲಕೋಟೆ ಕಡೆಯಿಂದ ಬಂದ ಭೀಮಪ್ಪನ ಮಗಳು ಮಧುಮತಿ. ವಯಸ್ಸು ಹನ್ನೊಂದು.

ಹತ್ತೂ ಮನೆಯ ಬೀಗದ ಕೈಗಳು ಅವಳ ಕೊರಳಲ್ಲಿ. ಮಧ್ಯಾಹ್ನ ಎಲ್ಲರ ಡಬ್ಬಿಯನ್ನೂ ಒಂದೇ ದೊಡ್ಡ ಪರಾತಕ್ಕೆ ಸುರಿದು, ಚಿಕ್ಕವರಿಗೆ ಮೊದಲು ಬಡಿಸುತ್ತಿದ್ದಳು. ಜಗಳಗಳನ್ನು ತಾರಸಿಯ ಮೇಲೆ ಕೂತು ತೀರ್ಮಾನಿಸುತ್ತಿದ್ದಳು. ಹುಡುಗಿ ಗಟ್ಟಿಗಿತ್ತಿ, ಅದನ್ನು ಒಪ್ಪಲೇಬೇಕು. ಅವಳ ಕಾನೂನು ಒಂದೇ: ಹಗಲಲ್ಲಿ ಆದದ್ದನ್ನು ದೊಡ್ಡವರಿಗೆ ಹೇಳಕೂಡದು. ದಣಿದು ಬಂದವರು ಅರ್ಧ ಕೇಳಿ, ಕೈಗೆ ಸಿಕ್ಕವರಿಗೆ ನಾಲ್ಕು ಬಾರಿಸುತ್ತಾರೆ. ಅದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ಹೇಳಿದವರಿಗೆ ಎಲ್ಲರೂ ಸೇರಿ ಎಂಟು ದಿನ ಟೂ ಬಿಡುತ್ತಿದ್ದರು. ಅವರೊಡನೆ ಯಾರೂ ಮಾತಾಡುವಂತಿಲ್ಲ, ಅವರ ಮಾತು ಯಾರಿಗೂ ಕೇಳಿಸುವಂತಿಲ್ಲ.

ಕೊನೆಯ ಮನೆಯ ಶಿವವ್ವನ ಮಗಳು ಶ್ವೇತಾಗೆ ಆರು ವರ್ಷ. ವಠಾರದ ಹುಡುಗ ಚನ್ನವೀರ ಸ್ಟೌ ಹಚ್ಚಲು ಹೋಗಿ ಕೈ ಸುಟ್ಟುಕೊಂಡದ್ದನ್ನು ಅವಳು ಅಮ್ಮನ ಮುಂದೆ ಹೇಳಿಬಿಟ್ಟಳು. ಸುಟ್ಟ ಕೈಯವನಿಗೆ ಅವನಪ್ಪನಿಂದ ಒದೆಗಳೂ ಬಿದ್ದವು. ಮರುದಿನ ತಾರಸಿಯ ಮೇಲೆ ಮಕ್ಕಳ ಪಂಚಾಯಿತಿ ಸೇರಿತು. ಪಾಪ ಚಿಕ್ಕದು, ನಾಲ್ಕು ದಿನ ಸಾಕು ಎಂದವನು ಚನ್ನವೀರನೇ.

"ಎಲ್ರಿಗೂ ಒಂದೇ," ಎಂದಳು ಮಧುಮತಿ.

ಐದನೇ ದಿನ ಬೆಳಿಗ್ಗೆ ಶ್ವೇತಾ ಬಂದು ತಲೆನೋವು ಎಂದಳು. ಮಧುಮತಿ ಯಾರಿಗೋ ಜಡೆ ಹೆಣೆಯುತ್ತಿದ್ದಳು, ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಶ್ವೇತಾ ಮತ್ತೆ ಬಂದಳು.

"ಅಕ್ಕ, ಬಾಗ್ಲು ತೆಗಿ. ಮಲ್ಕೋತೀನಿ."

ಎಲ್ಲರೂ ಮಧುಮತಿಯ ಮುಖ ನೋಡಿದರು. ಇವತ್ತು ಸಡಿಲ ಬಿಟ್ಟರೆ ನಾಳೆ ತನ್ನ ಮಾತು ಯಾರು ಕೇಳುತ್ತಾರೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಇನ್ನು ಮೂರೇ ದಿನ. ಶ್ವೇತಾ ತನ್ನ ಮನೆಯ ಮೆಟ್ಟಿಲ ಮೇಲೆ ಮುದುಡಿ ಮಲಗಿದಳು. ಮಧ್ಯಾಹ್ನ ಅವಳ ಪಾಲಿನ ಊಟ ಪಕ್ಕದಲ್ಲಿಟ್ಟರು, ಮುಟ್ಟಲಿಲ್ಲ. ಸಂಜೆಯೊಳಗೆ ಎರಡು ಸಲ ವಾಂತಿಯಾಯಿತು. ಮಕ್ಕಳು ನೀರು ಹೊಯ್ದು ತೊಳೆದರು, ಮಾತಾಡಲಿಲ್ಲ. ಏಳು ಗಂಟೆಗೆ ಶಿವವ್ವ ಬಂದು ಮೈ ಮುಟ್ಟಿದರೆ ಸುಡುತ್ತಿತ್ತು. ಏನಾಯಿತೆಂದು ಕೇಳಿದ್ದಕ್ಕೆ ಮಗು ಹೇಳಬಾರದು ಎಂದಿತಂತೆ.

ಮಿದುಳು ಜ್ವರ. ಮೂರನೇ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಬೆಳಿಗ್ಗೆಯೇ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ದೊಡ್ಡವರು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದಾಗ ಒಂದು ಮಗುವೂ ಬಾಯಿ ಬಿಡಲಿಲ್ಲ. ಯಾವ ಸರ್ಕಾರದ ಕಾನೂನೂ ಅಷ್ಟು ಚೆನ್ನಾಗಿ ನಡೆದದ್ದನ್ನು ನಾನು ಕಾಣೆ. ಮಧುಮತಿ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಹೊತ್ತುಹೊತ್ತಿಗೆ ಉಂಡಳು, ಮಲಗಿದಳು.

ಇಪ್ಪತ್ತು ದಿನ ಕಳೆದ ಮೇಲೆ ಶಿವವ್ವ ಕೆಲಸಕ್ಕೆ ಹೊರಟಳು. ಮನೆ ಬಿಕೋ ಎನ್ನುತ್ತದೆಂದು ಊರಲ್ಲಿ ಅಜ್ಜಿಯ ಬಳಿಯಿದ್ದ ಎರಡು ವರ್ಷದ ಮಗ ಗುರುಸಿದ್ದನನ್ನು ಕರೆತಂದಿದ್ದಳು. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಮಧುಮತಿಯ ಬಾಗಿಲಿಗೆ ಬಂದಳು.

"ಅವತ್ತ ನೀ ಇಡೀ ದಿನ ಇಲ್ಲೇ ಇದ್ದೆಲ್ಲವಾ. ನಮ್ಮ ಶ್ವೇತಾ ಏನರ ಅಂದ್ಲೇನು?"

"ಇಲ್ಲ ಆಂಟಿ. ಏನೂ ಅನ್ಲಿಲ್ಲ."

ಹಾಗಾದರೆ ಹೆಚ್ಚು ನರಳಲಿಲ್ಲ ಎಂದು ಶಿವವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. "ನಿನ್ನ ಬಿಟ್ರ ನನಗ ಯಾರದಾರ," ಎಂದು ಕೂಸನ್ನು ಅವಳ ಕೈಗೆ ಕೊಟ್ಟು ನಡೆದಳು.

ಗುರುಸಿದ್ದ ಶಾಲೆಗೆ ಸೇರುವವರೆಗೆ, ತನ್ನ ಶಾಲೆಯ ಹೊತ್ತಿಗೆ ಅಂಗನವಾಡಿಯಲ್ಲಿ ಬಿಟ್ಟು, ಮಧುಮತಿಯೇ ನೋಡಿಕೊಂಡಳು. ಈಗ ಅವಳು ಬಿ.ಟಿ.ಎಂ. ಲೇಔಟಿನ ಆಫೀಸೊಂದರಲ್ಲಿ ರಿಸೆಪ್ಷನಿಸ್ಟ್. ಯುಗಾದಿಗೆ ಶಿವವ್ವ ತಪ್ಪದೆ ಹೋಳಿಗೆ ಹೊತ್ತು ಬರುತ್ತಾಳೆ. ತನ್ನ ಮಕ್ಕಳಿಬ್ಬರನ್ನೂ ಕಾಯ್ದವಳು ಇವಳೇ ಎಂದು ಅಕ್ಕಪಕ್ಕದವರಿಗೆ ಹೇಳುತ್ತಾಳೆ. ಮಧುಮತಿ ತಿದ್ದುವುದಿಲ್ಲ. ತಟ್ಟೆಯಲ್ಲಿಟ್ಟದ್ದನ್ನು ತಿನ್ನುತ್ತಾಳೆ.