ಅಂಗಿಯ ಬೆನ್ನಿನ ಸುಕ್ಕು

"ಕುಡಿದು ಬಂದಾಗ ಚಪ್ಪಲಿ ಬಿಚ್ಚಿದವಳು ನಾನು. ವಾಂತಿ ಬಳಿದವಳು ನಾನು. ಬಿಟ್ಟುಬಿಡ್ರೀ ಅಂತ ಗಂಟಲು ಹರ್ಕೊಂಡವಳೂ ನಾನೇ. ಆಗೆಲ್ಲ ಗೋಡೆ ಹತ್ರ ಮಾತಾಡಿದ ಹಾಗಿತ್ತು. ಈಗ ಆ ಹುಡುಗಿ ಎದುರಿಗೆ ಕೂತು, ಕುಡೀಬೇಕು ಅನಿಸೋ ಮುಂಚೆ ಮನಸ್ಸಿಗೆ ಏನು ಬಂತು ಅಂತ ಕೇಳಿದ್ಲಂತೆ, ಇವರು ಮಗು ಥರ ಎಲ್ಲ ಒಪ್ಪಿಸಿದರಂತೆ. ಬಾಟಲಿ ಬಿಡಿಸಿದ್ಲು, ಪುಣ್ಯ ಬರಲಿ ಅವಳಿಗೆ. ಆದ್ರೆ ನನ್ನ ಗಂಡನ ಮನಸ್ಸಲ್ಲಿರೋದು ನನಗಿಂತ ಮುಂಚೆ ಅವಳಿಗೆ ಗೊತ್ತಾಗೋದು ಯಾವ ನ್ಯಾಯ, ಅಕ್ಕಾ?"

ಇಸ್ತ್ರಿಯವಳು ಪಕ್ಕದ ಮನೆಯವಳ ಮುಂದೆ ಹೀಗೆ ಹೇಳುತ್ತ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದ ರಭಸಕ್ಕೆ ಯಾರದೋ ಕಾಲರ್ ಕಂದು ಬಣ್ಣಕ್ಕೆ ತಿರುಗಿತು.

ಅವಳ ಗಂಡ ಬಡಗಿ. ಕುಡಿತ ಬಿಡಿಸುವ ಕೇಂದ್ರಕ್ಕೆ ವಾರಕ್ಕೊಮ್ಮೆ ಹೋಗುತ್ತಿದ್ದ. ಅಲ್ಲಿ ಮಾತ್ರೆಗಿಂತ ಮಾತೇ ಹೆಚ್ಚು. ಬಯಕೆ ತಲೆಯೆತ್ತಿದಾಗ ಅದರ ಬೆನ್ನಿಗಿರುವ ಯೋಚನೆಯನ್ನು ಹಿಡಿಯಬೇಕು, ಅದು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಬೇಕು. ಹಾಗೆ ಹೇಳಿಕೊಡುತ್ತಿದ್ದ ಹುಡುಗಿಗೆ ಇಸ್ತ್ರಿಯವಳು ಇಟ್ಟ ಹೆಸರು ಮಾತಿನ ಡಾಕ್ಟರಮ್ಮ. ಅಲ್ಲಿಗೆ ಹೋಗುವ ದಿನ ಗಂಡ ಒಳ್ಳೆಯ ಅಂಗಿ ಕೇಳಿದರೆ ಸಾಕು, ಪೆಟ್ಟಿಗೆಯೊಳಗಿನ ಕೆಂಡವೆಲ್ಲ ಇವಳ ಹೊಟ್ಟೆಗೆ ಬೀಳುತ್ತಿತ್ತು. ಊರವರ ಬಟ್ಟೆಯ ಸುಕ್ಕೆಲ್ಲ ತೆಗೆಯುವವಳು ಅವನ ಅಂಗಿಯ ಬೆನ್ನಿನಲ್ಲಿ ಬೇಕೆಂದೇ ಒಂದು ಸುಕ್ಕು ಉಳಿಸಿ ಕಳಿಸುತ್ತಿದ್ದಳು. ಅವನಿಗಂತೂ ಕಾಣದು, ಡಾಕ್ಟರಮ್ಮನಿಗೆ ಕಾಣಲಿ ಎಂದು.

ಅಂದೂ ಹಾಗೆಯೇ ಕಳಿಸಿದ್ದಳು. ಆದರೆ ಸಂಜೆ ಅವನು ಬೇಗನೆ ಮರಳಿ ಬಂದು ಹೊಸಿಲಲ್ಲೇ ನಿಂತ. ಮುಖ ಕಪ್ಪಿಟ್ಟಿತ್ತು.

"ಇವತ್ತು ತಡ್ಕೊಳ್ಳೋಕೆ ಆಗ್ತಿಲ್ಲ ಕಣೇ. ಕೇಂದ್ರಕ್ಕೆ ಹೋದೆ, ಬೀಗ ಹಾಕಿದೆ."

"ಓಹೋ, ಅಲ್ಲಿ ಬೀಗ ಅಂತ ಇಲ್ಲಿಗೆ ಬಂದ್ರಾ? ನಾನೇನು ಓದಿದವಳಾ? ನಾಳೆ ಬರ್ತಾಳೆ, ಅವಳ ಹತ್ರಾನೇ ಹೇಳ್ಕೊಳ್ಳಿ."

ಅವನು ತಿರುಗಿದ. ಬೀದಿಯ ತಿರುವಿನಲ್ಲೇ ಬಾರು. ಇಳಿದು ಹೋಗುತ್ತಿದ್ದವನ ಬೆನ್ನ ಮೇಲೆ ಆ ಸುಕ್ಕು ಕಂಡಿತು. ಡಾಕ್ಟರಮ್ಮ ನೋಡಲೆಂದು ಉಳಿಸಿದ್ದನ್ನು ಈಗ ತಾನೇ ನೋಡುತ್ತಿದ್ದಳು. ಆ ಹುಡುಗಿಯ ಮಾತನ್ನು ತನ್ನ ಬಾಯಿಂದ ಆಡುವುದೆಂದರೆ ಸವತಿ ಬಿಚ್ಚಿಟ್ಟ ಬಟ್ಟೆ ತೊಟ್ಟಂತೆ. ತೊಟ್ಟಳು.

"ರೀ, ನಿಲ್ಲಿ. ಕುಡೀಬೇಕು ಅನಿಸೋ ಮುಂಚೆ ಮನಸ್ಸಿಗೆ ಏನು ಬಂತು, ಹೇಳಿ."

ಅವನು ನಿಂತ. ತಿರುಗದೆಯೇ ಹೇಳಿದ. ಮಾಡಿದ ಬಾಗಿಲು ಚೌಕಟ್ಟಿಗೆ ಕೂರಲಿಲ್ಲವಂತೆ, ಯಜಮಾನ ಎಲ್ಲರೆದುರು ನಕ್ಕನಂತೆ. ತನ್ನ ಕೈ ಕೆಟ್ಟಿತು, ಒಂದು ಗುಟುಕು ಬಿದ್ದರೇ ನಡುಕ ನಿಲ್ಲುವುದು ಎನಿಸಿತಂತೆ.

ಮುಂದೇನು ಕೇಳಬೇಕೋ ಅವಳಿಗೆ ತಿಳಿಯದು. ಲಾಡ್ಜಿನಿಂದ ಬಂದ ಬೆಡ್‌ಶೀಟುಗಳು ಒಣಗಿ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಡಚಲು ಇನ್ನೊಂದು ಕೈ ಇಲ್ಲದೆ ಅವಳು ವರ್ಷಗಟ್ಟಲೆ ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿಕೊಂಡೇ ಬಂದಿದ್ದಳು. ಈಗ ಆ ತುದಿಯನ್ನು ಮೊಳೆಯಿಂದ ಬಿಡಿಸಿ ಅವನ ಮುಂದೆ ಹಿಡಿದಳು.

"ಕೈ ಕೆಟ್ಟಿದೆಯೋ ಇಲ್ವೋ ನೋಡೇ ಬಿಡೋಣ. ಹಿಡೀರಿ."

ಒಳಗೆ ಬಂದು ಹಿಡಿದ. ಇಬ್ಬರೂ ಬಿಗಿಯಾಗಿ ಎಳೆದರು. ಬಟ್ಟೆ ನಡುಗಲಿಲ್ಲ. ಅವನು ತನ್ನ ಕೈಯನ್ನೇ ಬಹಳ ಹೊತ್ತು ನೋಡಿದ.

"ಇದನ್ನ ಮೇಡಂಗೆ ಹೇಳ್ಬೇಕು," ಎಂದ.

"ಹೇಳಿ. ಬೆಡ್‌ಶೀಟ್ ನನ್ನದು ಅಂತಾನೂ ಹೇಳಿ."

ಅವನು ನಕ್ಕ. ಅವಳು ನಗಲಿಲ್ಲ. ಅಂಚಿಗೆ ಅಂಚು ಕೂಡಿಸಿ, ಅವನ ಕೈಯಲ್ಲಿದ್ದ ತುದಿಯನ್ನೂ ತೆಗೆದುಕೊಂಡು ಮಡಚಿಟ್ಟು, ಮುಂದಿನದನ್ನು ಕೊಡವಿದಳು.